ಹೆಸರಿನ ಹಿಂದಿನ ಮಾತು

ಜೂನ್ ೮, ಭಾನುವಾರ

ಗಿರಣಿಯ ಪಟ್ಟಾ ಮತ್ತೆ ಹರಿಯಿತು. ಮೊನ್ನೆ ಮೊನ್ನೆ ಹೊಲಿಸಿದ್ದು. ಅರ್ಧ ಬೀಸಿದ ಜೋಳ ಹಾಗೇ ಕೂತಿದೆ. ನಮ್ಮೂರು ಮುಚ್ಚಂಡಿಯ ಅರ್ಧ ಹೆಂಗಸರು ಬುಟ್ಟಿ ಎತ್ತಿಕೊಂಡು ನನ್ನನ್ನು ಬೈಯುತ್ತ ಹೋದರು. ಬೈಯಲಿ. ಬೈಗುಳಕ್ಕೆ ಪಟ್ಟಾ ಬೇಕಾಗಿಲ್ಲ.

ನಿನ್ನೆ ಬಕ್ರೀದ್. ಹುಸೇನಬಿ ಪ್ರತಿ ವರ್ಷದ ಹಾಗೆ ನಮಗೆಂದೇ ಇಟ್ಟಿರುವ ಬೇರೆ ಬೋಗುಣಿಯಲ್ಲಿ ಶಾವಿಗೆ ಪಾಯಸ ಕಳಿಸಿದಳು. ನನ್ನ ಹೆಂಡತಿ ಗೌರವ್ವ ಬೋಗುಣಿ ತೊಳೆದು, ಖಾಲಿ ಕೊಡಬಾರದೆಂದು ಬೆಲ್ಲದ ಹೆಂಟೆ ಹಾಕಿ ಕಳಿಸಿದಳು. ನಾನು ಒಂದು ಚಮಚ ತಿಂದೆ. ಇಳಿಯಲಿಲ್ಲ. ಪಾಯಸ ಹಿಡಿದುಕೊಂಡು ಬರುತ್ತಿದ್ದವನು, ಹುಸೇನಬಿಯ ಗಂಡ, ಹೋದ ಶ್ರಾವಣದಲ್ಲಿ ತೀರಿಕೊಂಡ.

ಅವನ ಹೆಸರನ್ನು ಈ ಡೈರಿಯಲ್ಲಿ ಬರೆಯುವುದಿಲ್ಲ. ಜೋಡಿ ಎಂದೇ ಬರೆಯುತ್ತೇನೆ. ಮೊಹರಮ್ ಮೇಳದಲ್ಲಿ ನಾವಿಬ್ಬರು ಜೋಡಿ. ಹಿಟ್ಟಿನ ಗಿರಣಿಯ ಗುರಪ್ಪ ಮುಂದೆ, ಗಾದಿ ಹೊಲಿಯುವ ಪಿಂಜಾರ ಹಿಂದೆ. ಮೀಸೆ ಬರುವ ಮುಂಚಿನಿಂದ. ಮೇಳ ಕಟ್ಟಿದ ಉಸ್ತಾದರು ಹಾಕಿಕೊಟ್ಟ ರೂಢಿ ಒಂದಿದೆ: ಪದದಲ್ಲಿ ಹೆಸರು ತೆಗೆದವನು ಹೆಸರಿನ ಹಿಂದಿನ ಮಾತು ಆಡಬಾರದು. ಅದನ್ನು ಇನ್ನೊಬ್ಬ ಆಡಬೇಕು. ನಾನು ಪೈಗಂಬರರ ಹೆಸರು ಎತ್ತಿದರೆ ಜೋಡಿ ‘ಸಲ್ಲಲ್ಲಾಹು ಅಲೈಹಿ ವಸಲ್ಲಮ್’ ಎನ್ನುತ್ತಿದ್ದ. ಇಮಾಮರಿಬ್ಬರ ಹೆಸರಿಗೆ ‘ರಜಿಯಲ್ಲಾಹು ಅನ್ಹುಮಾ’. ತೀರಿಹೋದ ದೊಡ್ಡವರ ಹೆಸರಿಗೆ ‘ರಹಮತುಲ್ಲಾಹಿ ಅಲೈಹಿ’ — ಅವರ ಮೇಲೆ ಅಲ್ಲಾಹನ ಕರುಣೆ ಇರಲಿ ಎಂದು.

“ನೀ ಹೆಸರ ತಗೊ, ಅವ ಹರಸ್ತಾನ,” ಎನ್ನುತ್ತಿದ್ದರು ಉಸ್ತಾದರು. “ತಾನೇ ಕರದು ತಾನೇ ಹರಸಿದ್ರ ಅದು ಹರಕಿ ಅಲ್ಲ. ಹೆಸರ ಬರಿತಲೀಲೆ ಹೋಗಬಾರದು.”

ಡೈರಿಯಲ್ಲಿ ನಾನೊಬ್ಬನೇ. ಹೆಸರು ಬರೆದರೆ ಹಿಂದಿನ ಮಾತು ಯಾರು ಆಡಬೇಕು? ಅದಕ್ಕೆ ಬರೆಯುವುದಿಲ್ಲ.

ಜೂನ್ ೧೦

ಪಟ್ಟಾ ಹೊಲಿಸಿ ತಂದೆ. ಸಂಜೆಯವರೆಗೆ ಬೀಸಿದೆ. ಮೂಗಿನ ತುಂಬ ಹಿಟ್ಟು.

ಮಿರಜದ ದವಾಖಾನೆ ನೆನಪಾಗುತ್ತದೆ. ಬೇಡವೆಂದರೂ. ಜೋಡಿಯ ಮೂಗಿಗೆ ನಳಿಗೆ ಹಾಕಿದ್ದರು.

“ಗುರಪ್ಪಾ, ಬರೋ ಮೊಹರಮ್ಮಿಗೆ ನನ್ನ ಹೆಸರ ಸೇರಸ್ತಿ, ಹೌದಲ್ಲ?”

“ಸುಮ್ಮ ಮಕ್ಕೊ. ಹುಚ್ಚನಂಗ ಮಾತಾಡಬ್ಯಾಡ.”

“ಸೇರಸ್ತೇನಿ ಅನ್ನು.”

“ಸೇರಸ್ತೇನಿ. ಮಕ್ಕೊ ಈಗ.”

ಮೊಹರಮ್ಮಿನ ಕೊನೆಗೆ, ಪಂಜಾ ದೇವರು ಹಳ್ಳಕ್ಕೆ ಹೋಗುವ ದಿನ, ಮೇಳದ ಕಡೆಯ ಪದದಲ್ಲಿ, ಮೇಳದಲ್ಲಿ ಹಾಡಿ ತೀರಿಹೋದವರ ಹೆಸರೆಲ್ಲ ಬರುತ್ತವೆ. ಅವರ ಪೈಕಿಯ ಹೆಸರಾದರೆ ನಾನು ತೆಗೆಯುತ್ತಿದ್ದೆ, ಅವನು ಹರಸುತ್ತಿದ್ದ. ನಮ್ಮ ಪೈಕಿಯವರದಾದರೆ ಅವನು ತೆಗೆಯುತ್ತಿದ್ದ, ನಾನು ‘ಶರಣು ಶರಣಾರ್ಥಿ’ ಎನ್ನುತ್ತಿದ್ದೆ. ಸತ್ತ ಮೇಲೆ ಬರುವ ಮೊದಲ ಮೊಹರಮ್ಮಿಗೇ ಹೆಸರು ಸೇರಬೇಕು. ಆಗ ಸೇರದಿದ್ದರೆ ಮತ್ತೆಂದೂ ಇಲ್ಲ. ಊರು ಬಿಟ್ಟು ಹೋಗಿ ಸತ್ತ ಒಬ್ಬಿಬ್ಬರ ಹೆಸರು ಹಾಗೇ ಕಳೆದುಹೋಗಿದೆ.

ಮಾತು ಕೊಡುವಾಗ ಒಂದು ಹೊಳೆಯಲಿಲ್ಲ. ಇಷ್ಟು ವರ್ಷ ಹರಸಿದವನು ಅವನೇ. ಅವನ ಹೆಸರಿಗೆ ಹರಸುವವನು ಯಾರು?

ಇನ್ನು ನಾನು ಸತ್ತರೆ ಹೆಸರು ತೆಗೆಯುವವನೇ ಇಲ್ಲ. ಅದು ಬೇರೆ ಮಾತು. ಸತ್ತವನಿಗೆ ಏನು ತಿಳಿಯುತ್ತದೆ.

ಜೂನ್ ೧೩

ಬಸ್ ಸ್ಟ್ಯಾಂಡ್ ಹತ್ತಿರ ಹೊಸ ಬ್ಯಾನರ್. ಯಾವನೋ ಹುಡುಗನ ವಾಢದಿವಸ, ಹುಟ್ಟುಹಬ್ಬ. ಕಣ್ಣಿಗೆ ಕಪ್ಪು ಗಾಗಲ್, ಕೈಯಲ್ಲಿ ಫೋನು. ಹೆಸರಿನ ಮುಂದೆ ‘ಮಾ.’, ಹೆಸರಿನ ಹಿಂದೆ ‘ದಾದಾ’, ಅದರ ಹಿಂದೆ ‘ಸಾಹೇಬ’. ಮಾನ್ಯನೂ ಹೌದು, ಅಣ್ಣನೂ ಹೌದು, ಸಾಹೇಬನೂ ಹೌದು. ಮೊನ್ನೆ ಹತ್ತನೇ ಇಯತ್ತೆ ನಪಾಸಾದವನು.

ಅದಕ್ಕೆ ಯಾರ ತಕರಾರೂ ಇಲ್ಲ. ನನ್ನಪ್ಪನ ಹೆಸರಿನ ಮುಂದೆ ಲಗ್ನಪತ್ರಿಕೆಯಲ್ಲಿ ಲಿಂಗೈಕ್ಯ ಎಂದು ‘ಲಿಂ.’ ಹಾಕಿಸಿದೆವು. ಮರಾಠಿಯವರು ಕೈಲಾಸವಾಸಿ ಎಂದು ‘ಕೈ.’ ಹಾಕುತ್ತಾರೆ. ನಮ್ಮಲ್ಲಿ ಮುಂದೆ, ಜೋಡಿಯ ಪೈಕಿಯವರಲ್ಲಿ ಹಿಂದೆ. ಸತ್ತವರನ್ನು ಬರಿತಲೆಯಲ್ಲಿ ಯಾರೂ ಕಳಿಸುವುದಿಲ್ಲ. ಊರಿನ ಅರ್ಧ ಗಾದಿ ಹೊಲಿದವನಿಗೆ ಒಂದು ಮಾತು ಸಿಗಬೇಕಾದರೆ ಮಾತ್ರ ಊರೆಲ್ಲ ತಿರುಗಬೇಕು.

ಜೂನ್ ೧೫, ಭಾನುವಾರ

ಜತ್ತಿಗೆ ಹೋಗಿದ್ದೆ. ಜೋಡಿಯ ಮಗ ಬಂದೇನವಾಜನ ಮೊಬೈಲ್ ರಿಪೇರಿ ಅಂಗಡಿ. ಹುಡುಗ ಒಳ್ಳೆಯವನೇ. ಐದು ಹೊತ್ತು ನಮಾಜು, ಚಟ ಒಂದೂ ಇಲ್ಲ. ಸ್ಟೂಲ್ ಒರೆಸಿ ಕೊಟ್ಟ.

“ಕುಂದ್ರಿ ಕಾಕಾ. ಚಾ ಹೇಳ್ಲಿ?”

“ಚಾ ಇರ್ಲಿ. ನಿಮ್ಮಪ್ಪನ ಹೆಸರ ಕಡೇ ಪದಕ್ಕ ಸೇರಸಾಂವ ಅದೀನಿ. ಹಿಂದಿನ ಮಾತ ನೀ ಅನ್ನಬೇಕು.”

ಸ್ಕ್ರೂಡ್ರೈವರ್ ಕೆಳಗಿಟ್ಟ.

“ಕಾಕಾ, ಆ ಮಾತ ವಲಿಗಳಿಗೆ, ಸಂತರಿಗೆ ಅಂತಾರ, ದೊಡ್ಡ ಬುಜುರ್ಗರಿಗೆ ಅಂತಾರ. ಅಬ್ಬಾ ಗಾದಿ ಹೊಲಿಯಾಂವ. ಮಗನೇ ನಿಂತ ಅಂದ್ರ, ಅಪ್ಪನ್ನ ವಲಿ ಮಾಡಾಕ ಹೊಂಟಾನ ಅಂತಾರ. ಅಬ್ಬಾನೇ ಇದ್ದಿದ್ರ ನಾಚಿಕಿ ಪಡತಿದ್ದ. ತೀರಿಕೊಂಡಾವ್ರಿಗೆಲ್ಲ ಅನ್ನೂ ಹಂಗ ಮರ್ಹೂಮ್ ಅನ್ರಿ, ಸಾಕು.”

“ಕರುಣಾ ಇರ್ಲಿ ಅನ್ನಾಕ ವಲಿನೇ ಆಗಿರಬೇಕೇನು? ಗಾದಿ ಹೊಲಿಯೋನ ಮ್ಯಾಲ ಇರಬಾರದೇನು?”

“ಇರ್ಲಿ ಅಂತ ದಿನಾ ದುವಾ ಮಾಡ್ತೀನಲ್ಲ. ಮನ್ಯಾಗ.” ಮತ್ತೆ ದನಿ ಇಳಿಸಿದ. “ಇನ್ನೊಂದ ಮಾತ ಕಾಕಾ. ಈಗ ಎಲ್ಲಾರ ಕೈಯಾಗ ಮೊಬೈಲ್ ಐತಿ. ಹಲಗಿ ಮುಂದ ನಿಂತ್ರ ನಮ್ಮಾವ್ರು ಬೈತಾರ. ನಿಮ್ಮ ಬಾಜೂಕ ನಿಂತ್ರ ನಿಮ್ಮಾವ್ರು ಬೈತಾರ. ಯಾರರೇ ವಿಡಿಯೋ ಬಿಟ್ರ ಅಂದ್ರ... ಅಂಗಡಿ ಐತಿ ನಂದು.”

ಚಹಾ ಬಂತು. ಕುಡಿದೆ. ಬೇಡ ಎಂದಿದ್ದೆ, ಆದರೂ ಕುಡಿದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಇವತ್ತಿನ ಲಾಭ ಅಷ್ಟೆ.

ಜೂನ್ ೧೬

ನನ್ನ ಮಗ ಶಿವಪುತ್ರನಿಗೆ ಹೇಳಿದೆ. ಬಂದೇನವಾಜನೂ ಇವನೂ ಒಂದೇ ಬೆಂಚಿನವರು. ಜೋಡಿಯ ಹೆಗಲ ಮೇಲೆ ಕೂತು ಪಂಜಾ ನೋಡಿದವನು ಇವನು. ಬೇರೆ ಯಾರೂ ಒಪ್ಪದಿದ್ದರೆ ನೀನೇ ಅನ್ನು ಎಂದೆ.

“ನಾನ? ನಮ್ಮ ಹಿಂದೂ ಮಂಡಳದ ಹುಡುಗ್ರು ಊರ ಬಿಡಸ್ತಾರ ನನ್ನ. ನೀ ಈ ಜಿದ್ದ ಯಾಕ ಹಿಡದಿ ಅಪ್ಪಾ?” ಎಂದ. ಆಮೇಲೆ ಬಹಳ ಶಾಣ್ಯಾನ ಹಾಗೆ, “ಒಂದ ಐಡಿಯಾ ಐತಿ. ಹೋದ ವರ್ಷದ್ದು ರೆಕಾರ್ಡಿಂಗ್ ಐತಿ ಬಂದೇನವಾಜನ ಹಂತ್ಯಾಕ. ಕಾಕಾನ ಆವಾಜನೇ. ನೀ ಹೆಸರ ತಗೊ, ಸ್ಪೀಕರ್‌ನ್ಯಾಗ ಹಚ್ಚಿದ್ರ ಆತು. ಯಾರೂ ಅನ್ನೂದಽ ಬ್ಯಾಡ.”

ಸತ್ತವನ ಹೆಸರಿಗೆ ಸತ್ತವನೇ ಹರಸಬೇಕಂತೆ. ತನಗೆ ತಾನೇ. ಕೈಯಲ್ಲಿದ್ದ ಸೇರು ಎಸೆದೆ. ಗೋಡೆಗೆ ಬಡಿದು ನೆಗ್ಗಿತು. ಈಗ ಅದರಲ್ಲಿ ಅಳೆದರೆ ಹಿಟ್ಟು ಕಡಿಮೆ ಬರುತ್ತದೆ ಎಂದು ಹೆಂಗಸರ ಜಗಳ.

ಜೂನ್ ೨೧

ಅಮೋಗಸಿದ್ದ ಒಪ್ಪಿದ! ಮೇಳದ ಹಲಗಿ ಅವನದೇ. ಹಗಲೆಲ್ಲ ಕುರಿ ಕಾಯುತ್ತಾನೆ, ಮೊಹರಮ್ ಬಂದರೆ ಹಲಗಿ ಕಾಸುತ್ತಾನೆ. ಜಾತಿಯಲ್ಲಿ ಧನಗರ, ಮಾತಿನಲ್ಲಿ ಒರಟ. ನಮ್ಮಿಬ್ಬರ ಹಿಂದೆ ಬಾರಿಸುತ್ತಲೇ ಅವನ ತಲೆಗೂದಲು ಬೆಳ್ಳಗಾಯಿತು.

“ಅನ್ನೂದೇನ ದೊಡ್ಡದ, ಅಂತೇನಿ. ನನ್ನ ತೊಡಿ ಮುರದಾಗ ದೀಡ ತಿಂಗಳ ಅವನ ಗಾದಿ ಮ್ಯಾಲನೇ ಮಕ್ಕೊಂಡಿದ್ನಿ. ರೊಕ್ಕ ತಗೊಳ್ಳಲಿಲ್ಲ ಮಗ.” ಆಮೇಲೆ ಸಣ್ಣ ದನಿಯಲ್ಲಿ, “ಆದ್ರ ಮಾತ ಉದ್ದ ಐತಿ ಗುರಪ್ಪಾ. ಸಾವಕಾಶ ಒಮ್ಮಿ ಹೇಳಿ ಕೊಡು.”

ಹೇಳಿ ಕೊಟ್ಟೆ. ಜೋಡಿ ಆಡುತ್ತಿದ್ದ ಆ ಮಾತನ್ನು ನನ್ನ ಬಾಯಿಂದ ನಾನೇ ಆಡಿದ್ದು ಇದೇ ಮೊದಲು. ಹೆಸರು ತೆಗೆಯಲಿಲ್ಲವಲ್ಲ, ತಪ್ಪಿಲ್ಲ. ಎರಡು ಸಲ ತೊದಲಿದ, ಮೂರನೇ ಸಲ ಸರಿಯಾಗಿ ಅಂದ. ಕುರಿ ಹಿಂದೆ ಅಡ್ಡಾಡುತ್ತ ಬಾಯಿಪಾಠ ಮಾಡುತ್ತೇನೆ ಎಂದ. ನಕ್ಕೆ. ಶ್ರಾವಣದಿಂದ ಈಚೆಗೆ ನಕ್ಕಿದ್ದು ನೆನಪಿಲ್ಲ.

ಜೂನ್ ೨೮

ಚಂದ್ರ ಕಂಡು ಮೊಹರಮ್ ಶುರುವಾಗಿದೆ. ಸಂಜೆ ತಾಲೀಮು. ಅಮೋಗಸಿದ್ದ ಬಂದ. ಹಲಗಿ ಕಾಸಿದ. ನನ್ನ ಮುಖ ನೋಡಲಿಲ್ಲ. ಆಗಲೇ ತಿಳಿಯಿತು.

“ಬಾರಸ್ತೇನಿ ಗುರಪ್ಪಾ. ಕೈ ಮುರಿಯೂ ತನಕ ಬಾರಸ್ತೇನಿ. ಅಷ್ಟೊಂದ ಅನ್ನಾಕ ಹಚ್ಚಬ್ಯಾಡ.”

“ಯಾಕ?”

“ಮಗಳ ನಂದಾನ ಸೋಯರಿಕಿ ನಡದೈತಿ ಬಿಳೂರಾಗ. ವರನ ಕಾಕಾ ಮನ್ನಿ ಕೇಳಿದ, ನಿಮ್ಮ ಮೇಳದಾಗ ನೀವೂ ಅವರ ಮಂತ್ರ ಅಂತೀರೇನು ಅಂತ. ನಗಕೋತನೇ ಕೇಳಿದ. ನಕ್ಕ ಕೇಳಿದ್ದಕ್ಕ ಭಾಳ ಹೆದರಿಕಿ ಬಂತು. ಒಬ್ಬಾಕಿನ ಮಗಳ ಅದಾಳ ನಂಗ.”

ಬೈಯಬೇಕೆಂದಿದ್ದೆ. ಮಗಳ ಮದುವೆ. ಎಲ್ಲರ ಹತ್ತಿರವೂ ಒಂದೊಂದು ಒಳ್ಳೆಯ ಕಾರಣ ಇದೆ. ಅಂಗಡಿ, ಮಂಡಳ, ಸೋಯರಿಕೆ. ಕೆಟ್ಟವರು ಯಾರೂ ಇಲ್ಲ ಈ ಊರಲ್ಲಿ. ಕೆಟ್ಟವರಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಎಲ್ಲ ಹೇಡಿಗಳು.

ಜುಲೈ ೩

ಬಂದೇನವಾಜ ತಾನಾಗಿ ಗಿರಣಿಗೆ ಬಂದ. ಜೋಳದ ಚೀಲ ನೆಪ. ಗಿರಣಿ ಸದ್ದಿನಲ್ಲಿ ಕಿವಿಯ ಹತ್ತಿರ ಬಂದು ಹೇಳಿದ:

“ಕಾಕಾ, ಪೈಗಂಬರರ ಹೆಸರಿಗೆ, ಇಮಾಮರಿಗೆ ನಾ ಅಂತೇನಿ. ಅದು ಎಲ್ಲಿ ಕೇಳಿದ್ರೂ ಅನ್ನಬೇಕ ನಾ. ಉಸ್ತಾದರಿಗೂ ಅಂತೇನಿ, ಅವರು ಬುಜುರ್ಗರು. ಹೊರಗ ನಿಂತ ಅಂತೇನಿ. ಅಬ್ಬಾನ ಹೆಸರಿಗೆ ಮಾತ್ರ ನನ್ನ ಕೇಳಬ್ಯಾಡ್ರಿ.”

“ಎಲ್ಲಾರಿಗೂ ಅಂತಿ. ಅಪ್ಪಗ ಇಲ್ಲ.”

“ಅಪ್ಪ ಅಂತನೇ ಆಗವಲ್ತು ಕಾಕಾ.” ಕಣ್ಣು ತುಂಬಿದ್ದವು. ಹಿಟ್ಟಿನ ಧೂಳು ಎಂದು ಒರೆಸಿಕೊಂಡ.

ಹಿಟ್ಟು ಕಟ್ಟಿ ಕೊಟ್ಟೆ. ನೆಗ್ಗಿದ ಸೇರಿನಲ್ಲಿ ಅಳೆಯಲಿಲ್ಲ, ಅಷ್ಟು ಧರ್ಮ ಉಳಿದಿದೆ ನನ್ನಲ್ಲಿ.

ಜುಲೈ ೫

ನಾಳೆ. ಗಂಟಲಿಗೆ ಗೌರವ್ವ ಶುಂಠಿ ಕಷಾಯ ಕಾಸಿದಳು.

“ನೀವು ಹೆಸರ ತಗೋರಿ. ಯಾರರೇ ಅಂತಾರ,” ಎಂದಳು. “ಯಾರೂ ಅನ್ನಲಿಲ್ಲಂದ್ರ ಅನ್ನಲಾರದವರ ಪಾಪ. ನಿಮ್ಮದಂತೂ ಅಲ್ಲ.”

“ನಿನಗೇನ ತಿಳೀತೈತಿ ಮೇಳದ ರೂಢಿ. ರೊಟ್ಟಿ ಬಡಿ ಹೋಗು.”

“ಆತ್ರಿ, ಬಡೀತೀನಿ. ಹುಸೇನಬಿ ಕೇಳಾಕತ್ತಿದ್ಲು, ಕಡೇ ಪದ ಎಷ್ಟೊತ್ತಿಗೆ ಅಂತ.”

“ಎಷ್ಟೊತ್ತಿಗಾದ್ರ ಏನ್ ಮಾಡಾಕಿ ಅಕಿ?”

ಗೌರವ್ವ ಒಲೆಯ ಕಡೆ ಹೋದಳು. ಕಷಾಯ ಕಹಿ. ಬೆಲ್ಲ ಮರೆತಿದ್ದಾಳೆ, ಇಲ್ಲವೇ ಬೇಕೆಂದೇ ಹಾಕಿಲ್ಲ.

ಹೆಸರು ತೆಗೆಯುತ್ತೇನೆ. ಯಾರು ಅಂದರೂ ಸರಿ, ಅನ್ನದಿದ್ದರೂ ಸರಿ. ಊರವರಿಗೆ ನಾಚಿಕೆಯಾಗಲಿ. ಒಂದು ಹೆಸರು ಬರಿತಲೆಯಲ್ಲಿ ನಿಂತಿದ್ದನ್ನು ಎಲ್ಲರೂ ನೋಡಲಿ.

ಜುಲೈ ೬

ಬಂದೆ. ಕಾಲು ತೊಳೆದೆ. ಬರೆಯುವುದಿಲ್ಲ.

ಜುಲೈ ೯

ಮೂರು ದಿನದಿಂದ ಊಟ ರುಚಿಸುತ್ತಿಲ್ಲ. ಬರೆದರೆ ಇಳಿಯುತ್ತದೇನೋ.

ಭಾನುವಾರ ಸಂಜೆ. ದೇವರು ಹಳ್ಳದ ದಾರಿಗೆ ಬಂದು ನಿಂತಿದ್ದವು. ಬಿಸಿಲು ಇನ್ನೂ ಇತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಅಮೋಗಸಿದ್ದನ ಹಲಗಿ ಚಲೋ ಕಾದಿತ್ತು. ಕಡೆಯ ಪದ ಎತ್ತಿದೆ. ಪೈಗಂಬರರ ಹೆಸರು ತೆಗೆದೆ. ಬಂದೇನವಾಜ ಬೇವಿನ ಗಿಡದ ಕೆಳಗಿನಿಂದ ಉತ್ತರ ಕೊಟ್ಟ. ದನಿ ಥೇಟ್ ಅಪ್ಪನದೇ. ನನ್ನ ಹೆಜ್ಜೆ ತಪ್ಪಿತು. ಇಮಾಮರಿಗೆ ಅಂದ. ಉಸ್ತಾದರಿಗೆ ಅಂದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಗಿಡಕ್ಕೆ ಆನಿಕೊಂಡು ನಿಂತ. ಹೇಳಿದ ಹಾಗೇ ಮಾಡಿದ.

ಮುಂದಿನದು ಜೋಡಿಯ ಹೆಸರು. ಉಸಿರು ತೆಗೆದುಕೊಂಡೆ.

ಆಗ ನೋಡಿದೆ. ಒಂದು ಕಡೆ ಮಂಡಳದ ಹುಡುಗರು, ನಡುವೆ ನನ್ನ ಶಿವಪುತ್ರ, ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದವರು ಇಬ್ಬರು. ಇನ್ನೊಂದು ಕಡೆ ಟೊಪ್ಪಿಗೆಯ ಹುಡುಗರು, ಅವರ ಕೈಯಲ್ಲೂ ಮೊಬೈಲ್. ಯಾರೂ ಏನೂ ಅನ್ನಲಿಲ್ಲ. ಯಾರೂ ತಡೆಯಲಿಲ್ಲ. ಯಾರಾದರೂ ತಡೆದಿದ್ದರೆ ಇವತ್ತು ಎದೆಯಲ್ಲಿ ಇಷ್ಟು ಉರಿ ಇರುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದರು, ಈ ಮುದುಕ ಈಗ ಏನು ಮಾಡುತ್ತಾನೆ ಎಂದು. ಹೆಸರು ತೆಗೆದ ಮೇಲಿನ ಆ ಸುಮ್ಮನಿರುವಿಕೆ ನನಗೆ ಮೊದಲೇ ಕೇಳಿಸಿತು. ಅದರೊಳಗೆ ನಾನೊಬ್ಬನೇ ನಿಂತಿರುತ್ತೇನೆ ಅನಿಸಿತು. ನಗುತ್ತಾರೆ ಅನಿಸಿತು.

ಹೆಸರು ಬಿಟ್ಟೆ.

‘ಹೋಗಿ ಬರ್ರೆಪ್ಪ ಇಮಾಮರ, ಹಾದಿ ತಂಪಿರಲಿ’ — ಸೀದಾ ಕಡೆಯ ಸಾಲಿಗೆ ಹಾರಿದೆ. ಹಲಗಿ ಒಂದು ಗಳಿಗೆ ತಡವರಿಸಿತು, ಆಮೇಲೆ ಕೂಡಿಕೊಂಡಿತು. ದೇವರು ಎದ್ದವು. ಜನ ಹಳ್ಳಕ್ಕೆ ಹೋದರು. ಯಾರಿಗೂ ಏನೂ ಆಗಲಿಲ್ಲ.

ಜುಲೈ ೧೦

ಮಧ್ಯಾಹ್ನ ಹುಸೇನಬಿ ಬಂದಳು. ಗಿರಣಿಯಲ್ಲಿ ನಾನೊಬ್ಬನೇ. ಅದೇ ಬೋಗುಣಿ, ಮೇಲೆ ಬಟ್ಟೆ. ಒಳಗೆ ಮೊಹರಮ್ಮಿನ ಚೊಂಗೆ ರೊಟ್ಟಿ, ಬೆಲ್ಲ ಸವರಿದ್ದು. ಗಿರಣಿ ಬಂದ್ ಮಾಡಿದೆ. ಸದ್ದು ನಿಂತ ಮೇಲೆ ಮಾತಾಡಿದಳು.

“ಅಣ್ಣಾರ, ಹೆಸರ ಯಾಕ ತಗೊಳ್ಳಲಿಲ್ಲ?”

ಸಿಟ್ಟು ಬಂತು. ಬೇರೇನೂ ಇರಲಿಲ್ಲ ನನ್ನ ಹತ್ತಿರ. “ಯಾರ ಅಂತಿದ್ರವ್ವಾ ಹಿಂದಿನ ಮಾತ? ನಿನ್ನ ಮಗ ಹಿಂದ ಸರದ. ನನ್ನ ಮಗ ಸಿನಿಮಾ ನೋಡಿದಂಗ ನೋಡ್ಕೋತ ನಿಂತ. ಅಮೋಗಸಿದ್ದ ತಲಿನೇ ಎತ್ತಲಿಲ್ಲ. ಯಾರ ಅಂತಿದ್ರು?”

“ನಾ ಅಂತಿದ್ನಿ.”

ನನಗೆ ತಿಳಿಯಲಿಲ್ಲ. ಅವಳೇ ಮುಂದುವರಿಸಿದಳು.

“ಹೆಂಗಸರ ಸಾಲಿನಾಗ ಮುಂದ ಬಂದ ನಿಂತಿದ್ನಿ. ತಲಿ ಮ್ಯಾಲ ಸೆರಗ ಸರೀ ಮಾಡ್ಕೊಂಡು. ಎಂದೂ ಮಂದ್ಯಾಗ ದನಿ ಎತ್ತಿದಾಕಿ ಅಲ್ಲ ನಾ. ಎರಡ ದಿನ ಮನ್ಯಾಗ ಅಂದು ಅಂದು ನೋಡಿದ್ನಿ. ಗೌರವ್ವಕ್ಕಗ ಅಷ್ಟ ಹೇಳಿದ್ನಿ. ಗಂಡನ ಹೆಸರ ನಾ ತಗೋಬಾರದು ಅಣ್ಣಾ. ಲಗ್ನ ಆದಾಗಿಂದ ಒಮ್ಮೆನೂ ತಗೊಂಡಿಲ್ಲ. ಸತ್ತಾಗ ಸೈತ ಹೆಸರ ಹಿಡದ ಅತ್ತಿಲ್ಲ. ಹಿಂದಿನ ಮಾತ ಅನ್ನಾಕ ನಂಗ ಅಡ್ಡಿ ಇರಲಿಲ್ಲ. ಹೆಸರ ಅಷ್ಟ ನೀವು ತಗೋಬೇಕಿತ್ತು.”

ಅವಳ ಕೈ ಬೋಗುಣಿಯ ಮೇಲಿನ ಬಟ್ಟೆಯನ್ನು ಮಡಿಸುತ್ತಿತ್ತು, ಬಿಚ್ಚುತ್ತಿತ್ತು.

“ನೀವು ಉಸರ ತಗೊಂಡ್ರಿ. ನಾನೂ ತಗೊಂಡ್ನಿ,” ಎಂದಳು. “ಆಮ್ಯಾಲ ನೀವು ಬ್ಯಾರೆ ಸಾಲ ಹಾಡಿದ್ರಿ.”

“ಈಗ ತಗೋತೀನವ್ವಾ. ಇಲ್ಲೇ ತಗೋತೀನಿ.”

ಸುತ್ತ ನೋಡಿದಳು. ಗಿರಣಿ, ಚೀಲ, ಗೋಡೆಯ ಮೇಲಿನ ಹಿಟ್ಟು.

“ದೇವರು ಹಳ್ಳಕ್ಕ ಹೋಗ್ಯಾವಲ್ಲ ಅಣ್ಣಾ,” ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಚೊಂಗೆ ಆರತಾವು. ಲಗೂನ ತಿನ್ರಿ.”

ಹೋದಳು. ಬೋಗುಣಿ ತೊಳೆದು ಕೊಡುವಷ್ಟೂ ನಿಲ್ಲಲಿಲ್ಲ.

ಗೌರವ್ವನಿಗೆ ಗೊತ್ತಿತ್ತು. ನನಗೆ ಹೇಳಲೆಂದೇ ಬಾಯಿ ತೆರೆದಿದ್ದಳು, ನಾನು ರೊಟ್ಟಿ ಬಡಿ ಎಂದೆ. ಕೇಳಿದರೆ ಈಗಲೂ ಒಂದೇ ಮಾತು: “ನೀವು ತಗೋತೀರಿ ಅಂತ ತಿಳದಿದ್ನಿ.” ಎಲ್ಲರನ್ನೂ ಹೇಡಿಗಳೆಂದು ಇದೇ ಡೈರಿಯಲ್ಲಿ ಬರೆದಿದ್ದೇನೆ. ಅವರೆಲ್ಲ ಆಗುವುದಿಲ್ಲ ಎಂದು ಮೊದಲೇ ಮುಖಕ್ಕೆ ಹೇಳಿದರು. ಆಗುತ್ತದೆ ಎಂದು ಮಾತು ಕೊಟ್ಟು ಬಿಟ್ಟವನು ನಾನೊಬ್ಬನೇ.

ಜುಲೈ ೧೩, ಭಾನುವಾರ

ಗಿರಣಿ ತೆರೆದಿಲ್ಲ. ಹೆಂಗಸರು ಬುಟ್ಟಿ ಇಟ್ಟು ಕೂಗಿ ಹೋದರು. ಶಿವಪುತ್ರ ಬಾಗಿಲ ಹತ್ತಿರ ಬಂದು, “ಅಪ್ಪಾ, ಪಟ್ಟಾ ಹರದೈತೇನು?” ಎಂದ. ಹೌದು ಎಂದೆ. ಹರಿದಿಲ್ಲ.

ಬೋಗುಣಿ ಇನ್ನೂ ಇಲ್ಲೇ ಇದೆ. ಗೌರವ್ವ ಬೆಲ್ಲ ಹಾಕಿ ಇಟ್ಟಿದ್ದಾಳೆ. ಅದನ್ನು ಹಿಡಿದುಕೊಂಡು ಆ ಮನೆಯ ಬಾಗಿಲಿಗೆ ಹೋಗಲು ಕಾಲು ಬರುತ್ತಿಲ್ಲ.

ಪದದಲ್ಲಿ ಇನ್ನು ಸೇರುವುದಿಲ್ಲ. ಗೊತ್ತು. ಇಲ್ಲಿ ಓದುವವರಿಲ್ಲ, ಹರಸುವವರಿಲ್ಲ. ಅದೂ ಗೊತ್ತು. ನನ್ನ ಪಾಲಿನ ಅರ್ಧವನ್ನಾದರೂ ಇಲ್ಲಿ ಮಾಡುತ್ತೇನೆ. ತಡವಾಗಿ. ಬರಿತಲೆಯಲ್ಲಿ.

ಮಕ್ತುಮಸಾಬ ನದಾಫ —